ಮೊಹಾಲಿ ಚಿಪ್ ಕಾರ್ಖಾನೆ ಮಗ್ಗುಲು ಬದಲಿಸಿದ ಬಗೆ

2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಸೆಮಿಕಾನ್ ಇಂಡಿಯಾ ಸಮಾವೇಶದಲ್ಲಿ ಪ್ರಧಾನಿಯವರ ಕೈಗಿತ್ತ ‘ವಿಕ್ರಮ್ 3201’ ಚಿಪ್ ದೊಡ್ಡ ಸುದ್ದಿಯಾಯಿತು. ಇಸ್ರೊದ ತಿರುವನಂತಪುರ ಕೇಂದ್ರಕ್ಕಾಗಿ ಅದನ್ನು ತಯಾರಿಸಿದ್ದು ಪಂಜಾಬಿನ ಮೊಹಾಲಿಯಲ್ಲಿರುವ ಸೆಮಿಕಂಡಕ್ಟರ್ ಲ್ಯಾಬೊರೇಟರಿ (ಎಸ್‌ಸಿಎಲ್). 180 ನ್ಯಾನೊಮೀಟರ್ ತಂತ್ರಜ್ಞಾನ ಎಂದು ಕೇಳಿದ್ದೇ, ಮೊಬೈಲ್ ಚಿಪ್‌ಗಳೇ 3ಕ್ಕೆ ಇಳಿದಿವೆಯಲ್ಲ ಎಂದು ಮೂಗು ಮುರಿದವರೂ ಉಂಟು. ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗೆ ಕೈಕೊಡದೆ ದುಡಿಯಬೇಕಾದ ರಾಕೆಟ್ ಚಿಪ್‌ಗೆ 180 ಧಾರಾಳ ಸಾಕು. ಕೇಳಬೇಕಾದ ಪ್ರಶ್ನೆ ಬೇರೆ: ಅಲ್ಲಿಗೆ ಮುಟ್ಟಲು ಮೊಹಾಲಿಗೆ ಇಷ್ಟು ಕಾಲ ಏಕೆ ಹಿಡಿಯಿತು?

1984ರಲ್ಲಿ ಉತ್ಪಾದನೆ ಶುರುವಾದಾಗ ಅಲ್ಲಿದ್ದದ್ದು 5 ಮೈಕ್ರಾನ್, ಅಂದರೆ 5,000 ನ್ಯಾನೊಮೀಟರ್ ತಂತ್ರಜ್ಞಾನ. 1989ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟುಹೋಯಿತು. ಮತ್ತೆ ಕೆಲಸ ಆರಂಭವಾಗುವಷ್ಟರಲ್ಲಿ 1997 ಬಂದಿತ್ತು. ಎರಡು ವರ್ಷಕ್ಕೊಮ್ಮೆ ಹೊಸ ತಲೆಮಾರು ಹುಟ್ಟುವ ಉದ್ಯಮದಲ್ಲಿ ಇದು ಸಣ್ಣ ಅಂತರವಲ್ಲ. 2006ರಲ್ಲಿ ಸಂಸ್ಥೆ ಬಾಹ್ಯಾಕಾಶ ಇಲಾಖೆಯ ಕೈಗೆ ಬಂತು. ಆಮೇಲೆ ಇಸ್ರೇಲಿನ ಟವರ್ ಕಂಪನಿಯ ತಂತ್ರಜ್ಞಾನ ಪಡೆದು, ಅದುವರೆಗೆ ಮುಟ್ಟಿದ್ದ 800 ನ್ಯಾನೊಮೀಟರ್‌ನಿಂದ 180ಕ್ಕೆ ಜಿಗಿಯಿತು.

ಈ ಜಿಗಿತದ ಜತೆಗೆ ಸಿಲಿಕಾನ್ ವೇಫರ್‌ನ ಅಗಲವೂ 6 ಇಂಚಿನಿಂದ 8 ಇಂಚಿಗೆ ಏರಿತು. ಹೆಚ್ಚಿದ್ದು ಎರಡೇ ಇಂಚಾದರೂ ವಿಸ್ತೀರ್ಣ ಸುಮಾರು 1.8 ಪಟ್ಟು, ಒಂದೇ ವೇಫರ್‌ನಲ್ಲಿ ಅಷ್ಟು ಹೆಚ್ಚು ಚಿಪ್. ಆದರೆ ವೇಫರ್ ಹೊರುವ ಕ್ಯಾಸೆಟ್, ಅದನ್ನೆತ್ತುವ ರೋಬೊ ತೋಳು, ಕುಲುಮೆಯ ಕೊಳವೆ, ಆಮ್ಲದ ತೊಟ್ಟಿ, ಯಾವುದೂ ಹಳೆಯ ಅಳತೆಗೆ ಒಗ್ಗುವುದಿಲ್ಲ. ಹಳದಿ ಬೆಳಕಿನ ಕೋಣೆಯಲ್ಲಿ ವೇಫರ್ ಮೇಲೆ ವಿನ್ಯಾಸ ಮೂಡಿಸುವ ಲಿಥೊಗ್ರಫಿ ಯಂತ್ರವೂ ಬೇರೆಯೇ ಬೇಕು: ಗೆರೆ ಸಣ್ಣದಾದಂತೆ ಬೆಳಕಿನ ತರಂಗಾಂತರವೂ ಕಿರಿದಾಗಬೇಕು. ಆ ಕೋಣೆಗೆ ಹಳದಿ ದೀಪವೇ ಏಕೆಂದರೆ, ವೇಫರ್‌ಗೆ ಬಳಿದ ರಾಸಾಯನಿಕ ಲೇಪ ನೀಲಿ ಬೆಳಕು ತಾಗಿದರೂ ಕೆಡುತ್ತದೆ.

ಯಂತ್ರ ಕೂತ ಮಾತ್ರಕ್ಕೆ ಚಿಪ್ ಹೊರಬರದು. ಎಷ್ಟು ಶಾಖ, ಎಷ್ಟು ಅನಿಲ, ಎಷ್ಟು ಸೆಕೆಂಡು ಎಂಬ ‘ರೆಸಿಪಿ’ಯನ್ನು ನೂರಾರು ಹಂತಗಳಲ್ಲೂ ಆ ಯಂತ್ರಕ್ಕೆ, ಆ ಕಟ್ಟಡಕ್ಕೆ ಹೊಂದಿಸಬೇಕು. ಪರೀಕ್ಷಾ ವೇಫರ್‌ಗಳನ್ನು ಓಡಿಸುವುದು, ದಪ್ಪ ಅಳೆಯುವುದು, ದೋಷ ಹುಡುಕುವುದು, ಮತ್ತೆ ಓಡಿಸುವುದು. ಸರಿಯಾದ ಚಿಪ್‌ಗಳ ಇಳುವರಿ ಕೈಗೆ ಹತ್ತುವತನಕ ಇದೇ ಕೆಲಸ. ತಂತ್ರಜ್ಞಾನವನ್ನು ದುಡ್ಡು ಕೊಟ್ಟು ತರಬಹುದು, ಈ ಪಳಗಿಕೆಯನ್ನಲ್ಲ.

ಈಗ ಮೊಹಾಲಿಯ ಆಧುನೀಕರಣಕ್ಕೆ ಕೇಂದ್ರ ಸರ್ಕಾರ 4,500 ಕೋಟಿ ರೂಪಾಯಿ ಘೋಷಿಸಿದೆ. ಮೊತ್ತ ದೊಡ್ಡದೇ. ಆದರೆ ಚಿಪ್ ಕಾರ್ಖಾನೆಯನ್ನು ಒಮ್ಮೆ ನವೀಕರಿಸಿ ದಶಕಗಟ್ಟಲೆ ಹಾಗೇ ಬಿಡುವಂತಿಲ್ಲ. ಮುಂದಿನ ಬದಲಾವಣೆಯ ಹಣ ಮತ್ತು ಜನರನ್ನು ಈಗಿನದು ಮುಗಿಯುವ ಮೊದಲೇ ಹೊಂದಿಸಿಟ್ಟರೆ ಮಾತ್ರ ಈ ಸಲದ ಖರ್ಚು ದಕ್ಕುತ್ತದೆ.