ಆಕಾಶದಲ್ಲಿ ನಿಂತ ಉಪಗ್ರಹವೂ ಹಾಸನದ ಕಾವಲೂ



ನಮ್ಮ ಅರೇಹಳ್ಳಿಯ ಮನೆಗಳ ಮೇಲೆ ಟೆಲಿವಿಷನ್ನಿಗಾಗಿ ಕಟ್ಟಿರುವ ತಟ್ಟೆಯಾಕಾರದ ಆಂಟೆನಾವನ್ನು ನೀವೆಲ್ಲರೂ ಬಲ್ಲಿರಿ. ಸೂರ್ಯಚಂದ್ರರು ಮೂಡಿ ಮುಳುಗುತ್ತಾರೆ. ನಕ್ಷತ್ರಗಳು ಇರುಳೆಲ್ಲಾ ಸರಿಯುತ್ತಿರುತ್ತವೆ. ಆ ತಟ್ಟೆಯಾದರೋ ವರ್ಷಗಳು ಕಳೆದರೂ ಒಂದೇ ಕಡೆಗೆ ಮುಖಮಾಡಿ ನಿಂತಿರುವುದು. ಅದು ನೋಡುತ್ತಿರುವ ಉಪಗ್ರಹವು ಆಕಾಶದಲ್ಲಿ ಅಲುಗದೆ ನಿಂತಿರುವುದು ಹೇಗೆ? ಅದನ್ನು ಅಲ್ಲಿ ನಿಲ್ಲಿಸಿಕೊಂಡಿರುವವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹೇಳುವುದೇ ಈ ಲೇಖನದ ಉದ್ದೇಶವಾಗಿದೆ.

ಕಣದಲ್ಲಿ ಒಕ್ಕಣೆಯಾಗುವುದನ್ನು ನೆನೆಸಿಕೊಳ್ಳಿರಿ. ಮೇಟಿಗೆ ಕಟ್ಟಿದ ಎತ್ತುಗಳು ಸಾಲಾಗಿ ಸುತ್ತುವಾಗ ಒಳಗಿನ ಎತ್ತು ಮೆಲ್ಲನೆ ನಡೆಯುವುದು, ಹೊರಗಿನ ಎತ್ತು ಬಿರುಸಾಗಿ ನಡೆಯುವುದು. ಆದರೂ ಒಂದರ ಪಕ್ಕವನ್ನು ಮತ್ತೊಂದು ಬಿಡುವುದಿಲ್ಲ. ಹಾಗೆಯೇ ಭೂಮಿಯು 23 ಗಂಟೆ 56 ನಿಮಿಷಗಳಲ್ಲಿ ತನ್ನ ಸುತ್ತಲೂ ಒಮ್ಮೆ ತಿರುಗುವುದು. ಸಮಭಾಜಕ ರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 3 ಕಿಲೋಮೀಟರಿನಂತೆ ಪೂರ್ವಾಭಿಮುಖವಾಗಿ ಧಾವಿಸುವ ಉಪಗ್ರಹವೂ ಅಷ್ಟೇ ಸಮಯದಲ್ಲಿ ಒಂದು ಸುತ್ತನ್ನು ಮುಗಿಸುವುದು. ಆದಕಾರಣ ನಮ್ಮ ಕಣ್ಣಿಗೆ ಅದು ನಿಂತಲ್ಲಿಯೇ ನಿಂತಂತೆ. ಇಂಥವುಗಳನ್ನು ಭೂಸ್ಥಿರ ಉಪಗ್ರಹಗಳೆಂದು ಕರೆಯುವರು.

ಆದರೆ ಅವು ತಾವಾಗಿಯೇ ನಿಲ್ಲತಕ್ಕವಲ್ಲ. ಸೂರ್ಯಚಂದ್ರರ ಆಕರ್ಷಣೆಯಿಂದ ಅವುಗಳ ಪಥವು ವರ್ಷಕ್ಕೆ ಸುಮಾರು ಒಂದು ಡಿಗ್ರಿಯವರೆಗೆ ಓರೆಯಾಗುವುದು. ಭೂಮಿಯು ಸರಿಯಾದ ಗುಂಡಾಗಿಲ್ಲದ ಕಾರಣ ಪೂರ್ವಪಶ್ಚಿಮಗಳಿಗೂ ಅವು ಜರುಗುವುವು. ಪುಟ್ಟ ಎಂಜಿನುಗಳನ್ನು ಆಗಾಗ್ಗೆ ಉರಿಸಿ ಅವುಗಳನ್ನು ಸ್ವಸ್ಥಾನಕ್ಕೆ ತರಬೇಕು. ಮಾರ್ಚಿ ಮತ್ತು ಸೆಪ್ಟೆಂಬರುಗಳ ಸುಮಾರಿನಲ್ಲಿ ಪ್ರತಿದಿನವೂ ಅವು ಭೂಮಿಯ ನೆರಳನ್ನು ಹೊಕ್ಕು, 70 ನಿಮಿಷಗಳಷ್ಟು ಹೊತ್ತಿನವರೆಗೂ ಬಿಸಿಲು ಕಾಣದಿರುವುದುಂಟು. ಆಗ ಬ್ಯಾಟರಿಗಳನ್ನು ನೋಡಿಕೊಳ್ಳಬೇಕು. ಒಳಗಿರುವ ಇಂಧನವೋ ಮಿತವಾದದ್ದು. ಅದು ತೀರಿದರೆ ಉಪಗ್ರಹದ ಆಯುಸ್ಸೂ ತೀರಿದಂತೆ. ಈ ಆರೈಕೆಯು ನಡೆಯುವುದು ನಮ್ಮ ಜಿಲ್ಲೆಯಲ್ಲಿಯೇ. ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಲ್ಲಿ ಸ್ಥಾಪಿತವಾದ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಹಗಲಿರುಳೂ ಈ ಕಾವಲನ್ನು ಕಾಯುತ್ತಿದೆ. 2005ರಲ್ಲಿ ಭೋಪಾಲದಲ್ಲಿಯೂ ಇಂತಹ ಇನ್ನೊಂದು ಕೇಂದ್ರವು ಆರಂಭವಾಯಿತು.

ಹಾಸನದ ಕೇಂದ್ರವು ಮೊದಲು ವಹಿಸಿಕೊಂಡ ಇನ್ಸಾಟ್-1 ಮಾಲೆಯ 4 ಉಪಗ್ರಹಗಳನ್ನು ಕಟ್ಟಿಕೊಟ್ಟದ್ದು ಅಮೆರಿಕಾ ದೇಶದ ಒಂದು ಮನೆತನದ ಕಂಪನಿಯೆಂಬುದು ಕುತೂಹಲಕರವಾದ ಸಂಗತಿ. ಹೆನ್ರಿ ಫೋರ್ಡರು ತಮ್ಮ ಜೊತೆಗಾರರೊಡನೆ 1903ರಲ್ಲಿ ಮೋಟಾರು ಗಾಡಿಗಳಿಗಾಗಿ ಆರಂಭಿಸಿದ ಕಂಪನಿಯನ್ನು ಅವರ ಮಗನೂ ಮೊಮ್ಮಗನೂ ಬೆಳೆಸಿದರು. ಅದು 1961ರಲ್ಲಿ ಫಿಲ್ಕೋ ಎಂಬ ರೇಡಿಯೋ ಕಂಪನಿಯನ್ನು ಕೊಂಡಿತು. ಮಾನವನನ್ನು ಚಂದ್ರನೆಡೆಗೆ ಕಳುಹಿಸಿದ ಹ್ಯೂಸ್ಟನ್ ನಗರದ ನಿಯಂತ್ರಣ ಕೊಠಡಿಗೆ ಯಂತ್ರೋಪಕರಣಗಳನ್ನು ಅಳವಡಿಸಿದುದು ಈ ಫಿಲ್ಕೋ ಕಂಪನಿಯೇ. ಈ ಶಾಖೆಯೇ ಮುಂದೆ ಫೋರ್ಡ್ ಏರೋಸ್ಪೇಸ್ ಎಂದು ಹೆಸರಾಗಿ, 1990ರಲ್ಲಿ ಅನ್ಯರಿಗೆ ಮಾರಾಟವಾಯಿತು.

1982ನೆಯ ಇಸವಿ ಏಪ್ರಿಲ್ 10ರಂದು ಇನ್ಸಾಟ್-1ಎ ಅಮೆರಿಕಾದಿಂದ ಮೇಲೇರಿತು. ಸೌರಬಲವನ್ನು ಸರಿದೂಗಿಸಲೆಂದು ಇರಿಸಿದ್ದ ಹಾಯಿಯಂತಹ ಭಾಗವು ಬಿಚ್ಚಿಕೊಳ್ಳಲಿಲ್ಲ. ನಿಲುವನ್ನು ತಿದ್ದುವ ಇಂಧನವೆಲ್ಲವೂ ವೆಚ್ಚವಾಗಿ, ಸೆಪ್ಟೆಂಬರಿನಲ್ಲಿ ಆ ಉಪಗ್ರಹವನ್ನು ಕೈಬಿಡಬೇಕಾಯಿತು. ಹೊಸ ಮನೆಗೆ ಕಾಲಿಟ್ಟ ವರ್ಷವೇ ಕೂಸನ್ನು ಕಳೆದುಕೊಂಡಂತಹ ದುಃಖವದು.

1983ನೆಯ ಇಸವಿ ಆಗಸ್ಟ್ 30ರಂದು ಚಾಲೆಂಜರ್ ಎಂಬ ಆಕಾಶನೌಕೆಯು ಇನ್ಸಾಟ್-1ಬಿಯನ್ನು ಹೊತ್ತೊಯ್ದಿತು. ಈ ಸಾರಿ ಸೌರಫಲಕವೇ ಮಡಿಚಿದಂತೆ ಉಳಿಯಿತು! ಅದು ಬಿಚ್ಚದಿದ್ದರೆ ಉಪಗ್ರಹಕ್ಕೆ ಸಾಕಷ್ಟು ವಿದ್ಯುತ್ತಿಲ್ಲ. ಅಷ್ಟು ಎತ್ತರಕ್ಕೆ ಹತ್ತಿಹೋಗಿ ಬಿಡಿಸುವವರಾರು? ಫೋರ್ಡ್ ಕಂಪನಿಯ ಮತ್ತು ನಮ್ಮ ದೇಶದ ಎಂಜಿನಿಯರರು ಧೈರ್ಯಗೆಡದೆ ನೆಲದಿಂದಲೇ ಆಜ್ಞೆಯ ಮೇಲೆ ಆಜ್ಞೆಯನ್ನು ಕಳುಹಿಸಿ ಪ್ರಯತ್ನಿಸಿದರು. ಸೆಪ್ಟೆಂಬರಿನ ಮಧ್ಯಭಾಗದಲ್ಲಿ ಫಲಕವು ತೆರೆದುಕೊಂಡಿತು. ಅಕ್ಟೋಬರಿನಿಂದ ಕೆಲಸಕ್ಕೆ ತೊಡಗಿದ ಆ ಉಪಗ್ರಹವು ದೂರವಾಣಿಯನ್ನೂ, ಟೆಲಿವಿಷನ್ನನ್ನೂ, ಮೋಡಗಳ ಚಿತ್ರಗಳನ್ನೂ 1990ನೆಯ ಇಸವಿಯವರೆಗೆ ದೇಶಕ್ಕೆ ಒದಗಿಸಿತು. ಹೂಮಳೆಗಾಗಿ ಮುಗಿಲನ್ನೇ ನೋಡುವ ನಮ್ಮ ಕಾಫಿ ಸೀಮೆಯವರಿಗೆ, ಮೋಡಗಳನ್ನು ಮೇಲಿನಿಂದ ನೋಡುವ ಕಣ್ಣೊಂದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. 1992ರಲ್ಲಿ ಮೇಲೇರಿದ ಇನ್ಸಾಟ್-2ಎ ನಮ್ಮವರೇ ನಿರ್ಮಿಸಿದುದು.

ಹೆಣ್ಣುಮಕ್ಕಳಿಗೆ ವಿಶೇಷ ಸಂತೋಷವನ್ನು ತರುವ ಸಂಗತಿಯೊಂದುಂಟು. 2011ನೆಯ ಇಸವಿ ಜುಲೈ 15ರಂದು ಶ್ರೀಹರಿಕೋಟೆಯಿಂದ ಹೊರಟ ಜಿಸ್ಯಾಟ್-12 ಉಪಗ್ರಹವನ್ನು ರಾಕೆಟ್ಟು ಬಿಟ್ಟ ಪಥದ ಅತ್ಯುನ್ನತ ಬಿಂದುವು ಸುಮಾರು 21,000 ಕಿಲೋಮೀಟರು ಮಾತ್ರ. ಮಿಕ್ಕ ಎತ್ತರಕ್ಕೆ ಅದನ್ನು ಹಂತಹಂತವಾಗಿ ಏರಿಸಿದ್ದು ಹಾಸನದ ಕೇಂದ್ರದಿಂದ. ಆ ಕಾರ್ಯದ ಮುಂದಾಳುಗಳು ಮೂವರು ಮಹಿಳೆಯರು: ಯೋಜನೆಯ ನಿರ್ದೇಶಕಿ ಟಿ. ಕೆ. ಅನುರಾಧಾ, ಅವರೊಡನೆ ಪ್ರಮೋದಾ ಹೆಗಡೆ ಮತ್ತು ಅನುರಾಧಾ ಪ್ರಕಾಶಂ. ಬೆಂಗಳೂರಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಟಿ. ಕೆ. ಅನುರಾಧಾ ಅವರು ಇಸ್ರೋವನ್ನು ಸೇರಿದುದು 1982ರಲ್ಲಿ, ಹಾಸನದ ಕೇಂದ್ರವು ಹುಟ್ಟಿದ ವರ್ಷದಲ್ಲಿಯೇ.

ರಾಕೆಟ್ಟು ಹಾರುವುದನ್ನು ಲೋಕವೆಲ್ಲವೂ ನೋಡುವುದು. ಆ ವೈಭವವು ಕೆಲವೇ ನಿಮಿಷಗಳದ್ದು. ಆಮೇಲಿನ ಹತ್ತಾರು ವರ್ಷಗಳ ಲೆಕ್ಕ, ಎಚ್ಚರ, ತಾಳ್ಮೆಗಳನ್ನು ನೋಡುವವರಿಲ್ಲ. ಆದರೆ ಉಪಗ್ರಹವು ಬದುಕುವುದು ಅವುಗಳಿಂದಲೇ. ಮಗಳ ಓದು ಹತ್ತನೆಯ ತರಗತಿಗೆ ಸಾಕೆಂದು ಯೋಚಿಸುವ ತಾಯಿತಂದೆಗಳು ನಮ್ಮಲ್ಲಿ ಇನ್ನೂ ಇದ್ದರೆ, ಅವರು ಒಂದು ಸಂಜೆ ಮಗಳೊಡನೆ ಅಂಗಳದಲ್ಲಿ ನಿಂತು ಮನೆಯ ಮೇಲಿನ ಆ ತಟ್ಟೆಯನ್ನು ನೋಡಲಿ. ಅದು ಅಲುಗದೆ ನಿಂತಿರಲು ಕಾರಣವಾದ ಲೆಕ್ಕವನ್ನು ಹಾಸನದಲ್ಲಿ ಒಬ್ಬ ಹೆಣ್ಣುಮಗಳು ಮಾಡುತ್ತಿದ್ದಿರಬಹುದು. ಮುಂದೆ ಅದನ್ನು ಮಾಡುವವಳು ಪಕ್ಕದಲ್ಲಿ ನಿಂತಿರುವ ಆ ಮಗಳೇ ಆಗಬಾರದೇಕೆ?