ವಿಚ್ಛೇದನದ ವೆಚ್ಚ: ಮೊದಲು ಕುಳಿತು ಲೆಕ್ಕ ಹಾಕೋಣ



ಕ್ರಿಸ್ತಜಯಂತಿಯ ನಂತರದ ಭಾನುವಾರ ನಾವು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತೇವೆ. ಯೇಸು, ಮರಿಯ, ಜೋಸೆಫರ ಮನೆಯನ್ನು ಆದರ್ಶವಾಗಿ ಮುಂದಿಟ್ಟುಕೊಂಡು ಪ್ರಬೋಧನೆ ಕೇಳುತ್ತೇವೆ. ಆದರೆ ಅದೇ ಬಲಿಪೂಜೆಯಲ್ಲಿ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಕುಳಿತು ಬಂದ ದಾರಿಯಲ್ಲೇ ಮೌನವಾಗಿ ಹಿಂತಿರುಗುವ ಮನೆಗಳೂ ಇವೆ. ಅಂಥವರಿಗೆ ಈ ಹಬ್ಬ ಸಂತೋಷಕ್ಕಿಂತ ನೋವನ್ನೇ ಹೆಚ್ಚು ತರುತ್ತದೆ. ಅವರನ್ನೂ ಅವರ ತಂದೆತಾಯಿಗಳನ್ನೂ ಮನಸ್ಸಿನಲ್ಲಿಟ್ಟು ಈ ಲೇಖನ.

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಕೇಳಿದ್ದನ್ನು ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಓದುತ್ತೇವೆ. ಕಟ್ಟುವುದಕ್ಕೆ ಲೆಕ್ಕ ಬೇಕಾದರೆ ಕೆಡಹುವುದಕ್ಕೂ ಬೇಕು. ವಿಚ್ಛೇದನದ ಖರ್ಚನ್ನು ತಿಳಿಸುವುದೆಂದರೆ ವಿಚ್ಛೇದನಕ್ಕೆ ಪ್ರೋತ್ಸಾಹ ಕೊಟ್ಟಂತಲ್ಲ. ಲೆಕ್ಕ ತಿಳಿಯದೆ ಎರಡು ಬಗೆಯ ಜನ ಕಷ್ಟಪಡುತ್ತಾರೆ. ಸಿಟ್ಟಿನ ಭರದಲ್ಲಿ ನ್ಯಾಯಾಲಯದ ಮೆಟ್ಟಿಲೇರಿ ಸಾಲದಲ್ಲಿ ಮುಳುಗುವವರು ಒಂದು ಬಗೆ. ಖರ್ಚು ಭರಿಸಲಾಗದೆಂಬ ಭಯದಿಂದ ದಿನವೂ ಹೊಡೆತ ತಿನ್ನುತ್ತಾ ಉಳಿದುಬಿಡುವವರು ಇನ್ನೊಂದು ಬಗೆ. ಇಬ್ಬರಿಗೂ ಸತ್ಯ ಗೊತ್ತಿರಬೇಕು.

ಧರ್ಮಸಭೆ ಏನು ಹೇಳುತ್ತದೆ?

ಊರ್ಜಿತವಾಗಿ ನೆರವೇರಿ ದಾಂಪತ್ಯದಲ್ಲಿ ಪೂರ್ಣಗೊಂಡ ವಿವಾಹ ಸಂಸ್ಕಾರವನ್ನು ಮರಣವೊಂದನ್ನು ಬಿಟ್ಟು ಯಾವ ಮಾನವ ಅಧಿಕಾರವೂ ಬಿಡಿಸಲಾರದು. ಇದು ಧರ್ಮಸಭೆಯ ಬದಲಾಗದ ಬೋಧನೆ. ಆದರೆ ದಂಪತಿಗಳು ಯಾವ ಪರಿಸ್ಥಿತಿಯಲ್ಲೂ ಒಂದೇ ಸೂರಿನಡಿ ಇರಲೇಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಅಥವಾ ಮಕ್ಕಳಿಗೆ ದೇಹಕ್ಕಾಗಲಿ ಆತ್ಮಕ್ಕಾಗಲಿ ಗಂಭೀರ ಅಪಾಯವಿದ್ದರೆ ಬೇರೆ ವಾಸಿಸಲು ಕ್ಯಾನನ್ ಕಾನೂನಿನ 1153ನೇ ವಿಧಿ ಅವಕಾಶ ಕೊಡುತ್ತದೆ. ಹಕ್ಕುಗಳ ರಕ್ಷಣೆ, ಮಕ್ಕಳ ಪೋಷಣೆ, ಆಸ್ತಿಯ ಸಂರಕ್ಷಣೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಸರ್ಕಾರಿ ವಿಚ್ಛೇದನವನ್ನು ಸಹಿಸಿಕೊಳ್ಳಬಹುದು, ಅದು ನೈತಿಕ ಅಪರಾಧವಾಗದು ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದ ತಿಳಿಸುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ನಿವಾರಿಸೋಣ. ವಿಚ್ಛೇದನ ಪಡೆದ ಮಾತ್ರಕ್ಕೆ ಯಾರೂ ಧರ್ಮಸಭೆಯಿಂದ ಹೊರಗಾಗುವುದಿಲ್ಲ. ಮರುಮದುವೆಯಾಗದೆ ಬಾಳುತ್ತಿರುವವರು ಎಲ್ಲ ಭಕ್ತರಂತೆ ಪರಮಪ್ರಸಾದ ಸ್ವೀಕರಿಸಬಹುದು.

ನ್ಯಾಯಾಲಯದ ಖರ್ಚು

ನಮ್ಮ ದೇಶದಲ್ಲಿ ಕ್ರೈಸ್ತರ ವಿಚ್ಛೇದನಕ್ಕೆ ಅನ್ವಯಿಸುವುದು 1869ರ ವಿಚ್ಛೇದನ ಕಾಯಿದೆ. ಹಿಂದೆ ಈ ಕಾಯಿದೆ ಮಹಿಳೆಯರಿಗೆ ಬಹಳ ಕಠಿಣವಾಗಿತ್ತು. ಗಂಡನ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಲದು, ಅದರ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. 2001ರ ತಿದ್ದುಪಡಿಯಿಂದ ಗಂಡ ಹೆಂಡಿರಿಬ್ಬರಿಗೂ ಕಾರಣಗಳು ಸಮಾನವಾದವು. ಕ್ರೌರ್ಯ ಅಥವಾ ಎರಡು ವರ್ಷಗಳ ಪರಿತ್ಯಾಗವೇ ಸಾಕಾಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ 10ಎ ಕಲಂ ಅವಕಾಶ ಕೊಟ್ಟಿತು.

ಖರ್ಚಿನ ದೊಡ್ಡ ವ್ಯತ್ಯಾಸ ಇರುವುದು ಇಲ್ಲಿಯೇ. ಇಬ್ಬರೂ ಒಪ್ಪಿದರೆ ಒಂದೇ ಅರ್ಜಿ, ಕೆಲವೇ ವಾಯಿದೆಗಳು. ಅರ್ಜಿ ಸಲ್ಲಿಸಿ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಹಾಜರಾಗಿ ತಮ್ಮ ಒಪ್ಪಿಗೆಯನ್ನು ದೃಢಪಡಿಸಬೇಕು. ಅರ್ಜಿಗೆ ಮೊದಲು ಎರಡು ವರ್ಷ ಬೇರೆಯಾಗಿರಬೇಕೆಂದು ಕಾಯಿದೆಯಲ್ಲಿದೆ. ಇದನ್ನು ಒಂದು ವರ್ಷವೆಂದು ಓದಿಕೊಳ್ಳಬೇಕೆಂದು ಕೇರಳ ಹೈಕೋರ್ಟ್ 2010ರಲ್ಲಿಯೂ ಆನಂತರ ಕರ್ನಾಟಕ ಹೈಕೋರ್ಟ್ ಕೂಡ ತೀರ್ಪಿತ್ತಿವೆ. ಒಬ್ಬರು ವಿರೋಧಿಸಿದರೆ ಸಾಕ್ಷಿ, ಪಾಟೀಸವಾಲು, ಮೇಲ್ಮನವಿ ಎಂದು ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ. ಖರ್ಚೂ ಅದರ ಜೊತೆಗೆ ಬೆಳೆಯುತ್ತದೆ.

ವಿಚ್ಛೇದನ ಅರ್ಜಿಯ ನ್ಯಾಯಾಲಯ ಶುಲ್ಕ ಅತ್ಯಲ್ಪ. ನಿಜವಾದ ಹೊರೆ ಬೇರೆ ಕಡೆ ಇದೆ. ವಕೀಲರ ಶುಲ್ಕಕ್ಕೆ ಗೊತ್ತಾದ ದರವಿಲ್ಲ. ಕೆಲವರು ಇಡೀ ಮೊಕದ್ದಮೆಗೆ ಇಷ್ಟೆಂದು ಹೇಳುತ್ತಾರೆ, ಕೆಲವರು ಪ್ರತಿ ವಾಯಿದೆಗೆ ಇಷ್ಟೆಂದು ಕೇಳುತ್ತಾರೆ. ಆದ್ದರಿಂದ ವಕಾಲತ್ತಿಗೆ ಸಹಿ ಹಾಕುವ ಮೊದಲೇ ಒಟ್ಟು ಎಷ್ಟು, ಯಾವ ಹಂತದಲ್ಲಿ ಎಷ್ಟು, ಟೈಪಿಂಗ್, ನೋಟರಿ, ದೃಢೀಕೃತ ನಕಲುಗಳ ಖರ್ಚು ಅದರಲ್ಲಿ ಸೇರಿದೆಯೇ ಎಂದು ಕೇಳಿ ಬರೆಯಿಸಿಕೊಳ್ಳಿರಿ. ಹೀಗೆ ಕೇಳುವುದು ಅವಿಶ್ವಾಸವಲ್ಲ. ಬರುವ ಪರಿಹಾರದ ಹಣದಲ್ಲಿ ಇಷ್ಟು ಪಾಲು ಕೊಡಬೇಕೆಂದು ಯಾವ ವಕೀಲರೂ ಕರಾರು ಮಾಡಿಕೊಳ್ಳುವಂತಿಲ್ಲ. ವಕೀಲರ ಪರಿಷತ್ತಿನ ನಿಯಮವೇ ಅದನ್ನು ನಿಷೇಧಿಸಿದೆ.

ಲೆಕ್ಕಕ್ಕೆ ಸಿಗದ ಖರ್ಚೂ ಉಂಟು. ಕಾಫಿ ತೋಟದಲ್ಲಿ ದಿನಗೂಲಿ ಮಾಡುವವರಿಗೆ, ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಪ್ರತಿ ವಾಯಿದೆ ಎಂದರೆ ಒಂದು ದಿನದ ಕೂಲಿ ನಷ್ಟ, ಬಸ್ಸಿನ ಖರ್ಚು, ಮಕ್ಕಳನ್ನು ಯಾರ ಬಳಿ ಬಿಡುವುದೆಂಬ ಚಿಂತೆ. ನ್ಯಾಯಾಧೀಶರು ರಜೆಯಲ್ಲಿದ್ದು ದಿನಾಂಕ ಮುಂದಕ್ಕೆ ಹೋದರೂ ಹೋದ ಕೂಲಿ ಬರುವುದಿಲ್ಲ.

ಉಚಿತವಾಗಿ ಸಿಗುವ ನೆರವು

ಇದು ನಮ್ಮ ಬಹಳ ಜನರಿಗೆ ತಿಳಿದಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿನ ಹಕ್ಕಿದೆ. ಪರಿಶಿಷ್ಟ ಜಾತಿ, ಪಂಗಡದವರು, ವಿಕಲಚೇತನರು, ಕಡಿಮೆ ಆದಾಯದ ಪುರುಷರೂ ಇದನ್ನು ಪಡೆಯಬಹುದು. ವಕೀಲರನ್ನು ಪ್ರಾಧಿಕಾರವೇ ನೇಮಿಸುತ್ತದೆ, ಶುಲ್ಕವನ್ನೂ ಅದೇ ಕೊಡುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರದ ಕಚೇರಿ, ತಾಲ್ಲೂಕಿನಲ್ಲಿ ಅದರ ಸಮಿತಿ ಇರುತ್ತದೆ. ಸಹಾಯವಾಣಿ 15100.

ಕೌಟುಂಬಿಕ ನ್ಯಾಯಾಲಯಗಳು ಮೊದಲು ರಾಜಿಗೆ ಪ್ರಯತ್ನಿಸಬೇಕೆಂದು 1984ರ ಕಾಯಿದೆ ವಿಧಿಸಿದೆ. ಅಲ್ಲಿ ಆಪ್ತಸಮಾಲೋಚಕರಿರುತ್ತಾರೆ. ನ್ಯಾಯಾಲಯ ಮೊಕದ್ದಮೆಯನ್ನು ಮಧ್ಯಸ್ಥಿಕೆ ಕೇಂದ್ರಕ್ಕೂ ಕಳುಹಿಸಬಹುದು. ಕೆಲವು ಮನೆಗಳು ಅಲ್ಲಿ ಮತ್ತೆ ಒಂದಾಗುತ್ತವೆ. ಒಂದಾಗದಿದ್ದರೂ ಜಗಳ ಕಡಿಮೆಯಾಗಿ ಒಪ್ಪಂದದಲ್ಲಿ ಮುಗಿದರೆ ಅಷ್ಟೇ ಹಣ, ಅಷ್ಟೇ ಕಣ್ಣೀರು ಉಳಿಯಿತು.

ಒಂದು ಒಲೆ ಎರಡಾದಾಗ

ಅನೇಕರು ವಕೀಲರ ಶುಲ್ಕವನ್ನೇ ವಿಚ್ಛೇದನದ ಖರ್ಚು ಎಂದುಕೊಳ್ಳುತ್ತಾರೆ. ಅದು ಒಮ್ಮೆಯ ಖರ್ಚು. ತಿಂಗಳು ತಿಂಗಳೂ ಬರುವ ಖರ್ಚು ಬೇರೆಯೇ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಂದು ಮನೆಯ ಆದಾಯ ತಿಂಗಳಿಗೆ 30,000 ರೂಪಾಯಿ. ಬಾಡಿಗೆ 8,000, ದಿನಸಿ ಮತ್ತು ಗ್ಯಾಸ್ 9,000, ಮಕ್ಕಳ ಶಾಲೆ 5,000, ಓಡಾಟ ಮತ್ತು ಫೋನು 3,000, ಔಷಧಿ ಮುಂತಾದವು 3,000, ಉಳಿತಾಯ 2,000. ಈಗ ಗಂಡ ಬೇರೆ ಮನೆ ಮಾಡುತ್ತಾನೆ. ಸಣ್ಣ ಮನೆಯ ಬಾಡಿಗೆ 6,000, ಊಟಕ್ಕೆ 4,500, ದೀಪ ನೀರಿಗೆ 1,000, ಮಕ್ಕಳನ್ನು ನೋಡಲು ಬರುವ ಓಡಾಟಕ್ಕೆ 500, ಒಟ್ಟು 12,000. ಹಳೆಯ ಮನೆಯ ದಿನಸಿಯಲ್ಲಿ 2,500 ಕಡಿಮೆಯಾಯಿತೆನ್ನೋಣ. ಆದರೂ 9,500 ಹೆಚ್ಚುವರಿ. ಉಳಿತಾಯವನ್ನು ಪೂರ್ತಿ ಬಿಟ್ಟರೂ ತಿಂಗಳಿಗೆ 7,500 ರೂಪಾಯಿ ಸಾಲದು. ಮನೆಯ ಮುಂಗಡ, ಪಾತ್ರೆ ಪಡಗ ಇದರಲ್ಲಿ ಸೇರಿಲ್ಲ. ಯಾರದೂ ತಪ್ಪಿಲ್ಲದೆಯೇ ಎರಡೂ ಮನೆಗಳು ಬಡವಾದವು.

ಜೀವನಾಂಶ

ಮೊಕದ್ದಮೆ ನಡೆಯುತ್ತಿರುವಾಗಲೇ ಹೆಂಡತಿ ತನ್ನ ಜೀವನಾಂಶವನ್ನೂ ಮೊಕದ್ದಮೆಯ ಖರ್ಚನ್ನೂ ಗಂಡನಿಂದ ಕೇಳಬಹುದು. ಗಂಡನಿಗೆ ನೋಟಿಸು ಮುಟ್ಟಿದ 60 ದಿನಗಳಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಇದು ಇತ್ಯರ್ಥವಾಗಬೇಕೆಂದು ವಿಚ್ಛೇದನ ಕಾಯಿದೆಯ 36ನೇ ಕಲಂ ಹೇಳುತ್ತದೆ. ಹಿಂದೆ ಇದು ಗಂಡನ ಆದಾಯದ ಐದನೇ ಒಂದು ಭಾಗವನ್ನು ಮೀರಬಾರದೆಂಬ ಮಿತಿಯಿತ್ತು. 2001ರಲ್ಲಿ ಆ ಮಿತಿ ಹೋಯಿತು. ತೀರ್ಪಿನ ನಂತರದ ಶಾಶ್ವತ ಜೀವನಾಂಶ 37ನೇ ಕಲಮಿನಲ್ಲಿದೆ. ವಿಚ್ಛೇದನ ಕೇಳದೆಯೇ ಬರೀ ಜೀವನಾಂಶ ಕೇಳಲೂ ದಾರಿಯಿದೆ. ಎಲ್ಲರಿಗೂ ಪರಿಚಿತವಾದ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ.

ಜೀವನಾಂಶಕ್ಕೆ ಗೊತ್ತಾದ ಮೊತ್ತವಿಲ್ಲ. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಆದೇಶಿಸಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂದೂ ಹೇಳಿತು. ಸಂಬಳದ ಚೀಟಿ, ಪಾಸ್‌ಬುಕ್, ಶಾಲಾ ಶುಲ್ಕದ ರಸೀದಿಗಳನ್ನು ಜೋಪಾನವಾಗಿಡಿ. ಬಾಯಿಮಾತಿಗಿಂತ ಅವು ಹೆಚ್ಚು ಮಾತನಾಡುತ್ತವೆ.

ಮನೆ, ಸಾಲ, ಆಸ್ತಿ

ವಿಚ್ಛೇದನವಾದರೆ ಎಲ್ಲವೂ ಅರ್ಧರ್ಧ ಪಾಲಾಗುತ್ತದೆಂದು ಕೆಲವರು ನಂಬಿದ್ದಾರೆ. ನಮ್ಮ ದೇಶದಲ್ಲಿ ಹಾಗಿಲ್ಲ. ಯಾರ ಹೆಸರಿನಲ್ಲಿದೆಯೋ ಅವರದೇ. ಹೆಂಡತಿ ತನ್ನ ಒಡವೆ ಮಾರಿ ಹಣ ಹಾಕಿದ್ದರೂ ಪತ್ರ ಗಂಡನ ಹೆಸರಿನಲ್ಲಿದ್ದರೆ ಅವಳು ಅದನ್ನು ಸಾಬೀತುಪಡಿಸಬೇಕು. ಅದಕ್ಕೆ ಪ್ರತ್ಯೇಕ ದಾವೆ ಹೂಡಿದರೆ ಆಸ್ತಿಯ ಬೆಲೆಯ ಮೇಲೆ ಶುಲ್ಕ ಬೀಳುತ್ತದೆ. ಇಬ್ಬರೂ ಸೇರಿ ತೆಗೆದ ಗೃಹಸಾಲ ತೀರ್ಪಿನಿಂದ ಬೇರೆಯಾಗುವುದಿಲ್ಲ. ಒಬ್ಬರು ಕಂತು ನಿಲ್ಲಿಸಿದರೆ ಬ್ಯಾಂಕು ಇನ್ನೊಬ್ಬರನ್ನು ಕೇಳುತ್ತದೆ. ಪರಸ್ಪರ ಒಪ್ಪಿಗೆಯ ಪತ್ರದಲ್ಲಿ ಸಾಲವನ್ನು ಯಾರು ತೀರಿಸಬೇಕು, ಒಡವೆಗಳು ಯಾರಿಗೆ, ಮಕ್ಕಳ ಓದಿನ ಖರ್ಚು ಯಾರದು ಎಂಬುದನ್ನೆಲ್ಲ ಬಿಡಿಬಿಡಿಯಾಗಿ ಬರೆಯಿಸಬೇಕು.

ಇನ್ನೊಂದು ಮುಖ್ಯ ವಿಷಯ. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ, ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು ಪಾಲು ಬರುತ್ತದೆ. ವಿಚ್ಛೇದಿತ ಹೆಂಡತಿ ವಿಧವೆಯಲ್ಲ, ಆ ಪಾಲು ಅವಳಿಗಿಲ್ಲ. ಮಕ್ಕಳ ಹಕ್ಕು ಮಾತ್ರ ಹಾಗೇ ಇರುತ್ತದೆ. ಬಂಧನವನ್ನು ಮುರಿಯಲು ಮನಸ್ಸಿಲ್ಲದವರಿಗೆ ವಿಚ್ಛೇದನ ಕಾಯಿದೆಯ 22ನೇ ಕಲಂ ನ್ಯಾಯಾಂಗ ಪ್ರತ್ಯೇಕತೆಯ ದಾರಿಯನ್ನು ಇಟ್ಟಿದೆ. ಇದರಲ್ಲಿ ಬೇರೆ ವಾಸ, ರಕ್ಷಣೆ ಸಿಗುತ್ತದೆ, ವಿವಾಹ ಉಳಿಯುತ್ತದೆ. ವಿಶ್ವಾಸಿಗಳು ವಕೀಲರೊಡನೆ ಮೊದಲು ಈ ದಾರಿಯ ಬಗ್ಗೆ ಕೇಳುವುದು ಒಳ್ಳೆಯದು.

ಧರ್ಮಸಭೆಯ ನ್ಯಾಯಮಂಡಳಿ

ಧರ್ಮಕ್ಷೇತ್ರದ ನ್ಯಾಯಮಂಡಳಿ ವಿಚ್ಛೇದನ ಕೊಡುವುದಿಲ್ಲ. ಮದುವೆಯ ದಿನವೇ ಊರ್ಜಿತ ವಿವಾಹಕ್ಕೆ ಬೇಕಾದ ಸ್ವತಂತ್ರ ಒಪ್ಪಿಗೆ ಮುಂತಾದ ಅಂಶಗಳು ಇದ್ದವೇ ಎಂದು ಅದು ಪರಿಶೀಲಿಸುತ್ತದೆ. ಇಲ್ಲದಿದ್ದರೆ ಆ ವಿವಾಹ ಅನೂರ್ಜಿತವೆಂದು ಘೋಷಿಸುತ್ತದೆ. ಇದಕ್ಕೆ ಲಕ್ಷಗಟ್ಟಲೆ ಹಣ ಬೇಕೆಂಬ ಮಾತು ಸುಳ್ಳು. ವಿಶ್ವಗುರು ಫ್ರಾನ್ಸಿಸರು 2015ರಲ್ಲಿ ಈ ಕ್ರಮವನ್ನು ಸರಳಗೊಳಿಸಿ, ಎರಡನೇ ನ್ಯಾಯಮಂಡಳಿಯ ಕಡ್ಡಾಯ ದೃಢೀಕರಣವನ್ನು ತೆಗೆದರು; ಸಾಧ್ಯವಾದಷ್ಟು ಮಟ್ಟಿಗೆ ಈ ಸೇವೆ ಉಚಿತವಾಗಿರಬೇಕೆಂದು ಬಯಸಿದರು. ಹಣವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ; ಧರ್ಮಕೇಂದ್ರದ ಗುರುಗಳನ್ನು ಕೇಳಿ. ವಿವಾಹ ಅನೂರ್ಜಿತವಾದರೂ ಮಕ್ಕಳು ನ್ಯಾಯಬದ್ಧ ಮಕ್ಕಳೇ ಎಂಬುದನ್ನೂ ತಿಳಿದಿರಲಿ.

ಆದರೆ ಒಂದು ಎಚ್ಚರಿಕೆ. ಧರ್ಮಸಭೆಯ ತೀರ್ಪಿನಿಂದ ಸರ್ಕಾರದ ದೃಷ್ಟಿಯಲ್ಲಿ ಮದುವೆ ಮುಗಿಯುವುದಿಲ್ಲ. ಇದನ್ನು ಸುಪ್ರೀಂ ಕೋರ್ಟ್ 1996ರಲ್ಲೇ ಮಾಲಿ ಜೋಸೆಫ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಧರ್ಮಸಭೆಯ ನ್ಯಾಯಮಂಡಳಿಯ ತೀರ್ಪಿಗೆ ಕಾನೂನಿನ ಮಾನ್ಯತೆ ಕೋರಿ ನಮ್ಮ ಕರಾವಳಿಯ ವಕೀಲರಾದ ಕ್ಲಾರೆನ್ಸ್ ಪಾಯ್ಸ್ ಅವರು ಸಲ್ಲಿಸಿದ್ದ ಅರ್ಜಿಯನ್ನೂ ನ್ಯಾಯಾಲಯ 2017ರಲ್ಲಿ ವಜಾ ಮಾಡಿತು. ಸರ್ಕಾರಿ ತೀರ್ಪಿಲ್ಲದೆ ಮರುಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧವಾಗಬಹುದು. ಹಾಗೆಯೇ ಸರ್ಕಾರಿ ತೀರ್ಪೊಂದೇ ಇದ್ದು ಧರ್ಮಸಭೆಯ ಘೋಷಣೆ ಇಲ್ಲದಿದ್ದರೆ ದೇವಾಲಯದಲ್ಲಿ ಮದುವೆ ಸಾಧ್ಯವಿಲ್ಲ. ಎರಡೂ ಬೇಕು.

ಮಕ್ಕಳು ತೆರುವ ಬೆಲೆ

ರೂಪಾಯಿಯಲ್ಲಿ ಎಣಿಸಲಾಗದ್ದು ಇದು. ಮಗು ಯಾರ ಬಳಿ ಇರಬೇಕೆಂದು ನಿರ್ಧರಿಸುವಾಗ ನ್ಯಾಯಾಲಯ ನೋಡುವುದು ಮಗುವಿನ ಹಿತವನ್ನೇ ಹೊರತು ಯಾರು ಗೆದ್ದರೆಂಬುದನ್ನಲ್ಲ. ತಂದೆತಾಯಿಗಳೂ ಹಾಗೆಯೇ ನೋಡಬೇಕು. ಮಗುವನ್ನು ಒತ್ತೆಯಾಳಾಗಿ ಹಿಡಿಯಬೇಡಿರೆಂದು ಫ್ರಾನ್ಸಿಸರು 2016ರ ತಮ್ಮ ಪತ್ರದಲ್ಲಿ ಬೇರೆಯಾದ ದಂಪತಿಗಳನ್ನು ಬೇಡಿಕೊಂಡರು. ಪ್ರಥಮ ಪರಮಪ್ರಸಾದದ ದಿನ ಅಪ್ಪ ಬರುತ್ತಾನೋ ಇಲ್ಲವೋ ಎಂದು ಬಾಗಿಲ ಕಡೆ ನೋಡುವ ಮಗುವಿಗೆ ಯಾವ ಜೀವನಾಂಶವೂ ಪರಿಹಾರವಾಗದು. ಆ ದಿನ ಇಬ್ಬರೂ ಬಂದು ಒಂದೇ ಬೆಂಚಿನಲ್ಲಿ ಕುಳಿತರೆ ಅದಕ್ಕೆ ಖರ್ಚೇನೂ ಇಲ್ಲ.

ಉಳಿಯುವುದಕ್ಕೂ ಬೆಲೆಯಿದೆ

ಇಷ್ಟೆಲ್ಲ ಓದಿ ಹೊಡೆತ ತಿನ್ನುತ್ತಿರುವ ತಾಯಿಯೊಬ್ಬಳು ಬೇಡಪ್ಪಾ, ಸಹಿಸಿಕೊಳ್ಳುತ್ತೇನೆ ಎಂದು ಕೂರಬಾರದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯಡಿ ವಿಚ್ಛೇದನ ಕೇಳದೆಯೇ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸದ ಹಕ್ಕು, ಖರ್ಚಿಗೆ ಹಣ ಪಡೆಯಬಹುದು. ಮಹಿಳಾ ಸಹಾಯವಾಣಿ 181. ಸಖಿ ಕೇಂದ್ರಗಳಲ್ಲಿ ಆಶ್ರಯ, ವೈದ್ಯಕೀಯ ಮತ್ತು ಕಾನೂನು ನೆರವು ಒಟ್ಟಿಗೆ ಸಿಗುತ್ತದೆ. ಶಿಲುಬೆ ಹೊರುವುದೆಂದರೆ ಹಿಂಸೆಗೆ ಮೈಯೊಡ್ಡುವುದಲ್ಲ. ತವರುಮನೆಯವರೂ ಮರ್ಯಾದೆಯ ಮಾತೆತ್ತಿ ಮಗಳನ್ನು ಅಪಾಯಕ್ಕೆ ಹಿಂದಿರುಗಿಸಬಾರದು.

ಕೊನೆಯದಾಗಿ

ಪ್ರಿಯರೇ, ಜಗಳ ಸಣ್ಣದಿರುವಾಗಲೇ ಗುರುಗಳನ್ನೋ ಆಪ್ತಸಮಾಲೋಚಕರನ್ನೋ ಕಾಣುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ದಾರಿ. ಕುಡಿತ, ಸಾಲ, ಸಂಶಯಗಳು ಬೆಳೆಯುವವರೆಗೆ ಕಾಯಬೇಡಿ. ಬೇರೆಯಾಗಲೇಬೇಕಾದವರು ಸೇಡಿಗಾಗಿ ಮೊಕದ್ದಮೆ ನಡೆಸಬೇಡಿ. ಇನ್ನೊಬ್ಬರನ್ನು ಸೋಲಿಸಲು ಸುರಿಯುವ ಹಣ ನಿಮ್ಮ ಮಕ್ಕಳ ಓದಿನ ಹಣ. ನೆರೆಹೊರೆಯವರಾದ ನಾವು ಅವರ ಕಥೆಯನ್ನು ಹಂಚುವ ಬದಲು ವಾಯಿದೆಯ ದಿನ ಅವರ ಮಕ್ಕಳನ್ನು ನಮ್ಮ ಮನೆಯಲ್ಲಿ ಊಟಕ್ಕೆ ಕೂರಿಸೋಣ.

ನಜರೇತಿನ ಮನೆಯವರೂ ಒಂದು ಕಾಲದಲ್ಲಿ ಮನೆ ಬಿಟ್ಟು ಈಜಿಪ್ಟಿಗೆ ಓಡಿಹೋಗಿ ಬಾಳಬೇಕಾಯಿತು. ನೆಲೆ ತಪ್ಪಿದವರ ಸಂಕಟ ಅವರಿಗೆ ಗೊತ್ತು. ಒಡೆದ ಮನೆಗಳಲ್ಲಿ, ಒಡೆಯದಂತೆ ಹೆಣಗುತ್ತಿರುವ ಮನೆಗಳಲ್ಲಿ ಆ ಪವಿತ್ರ ಕುಟುಂಬದ ಶಾಂತಿ ನೆಲೆಸಲಿ.