ಬಿಸಿಲನ್ನು ಹಿಂದಕ್ಕೆ ಕಳಿಸುವ ತಾರಸಿ

ಮೇ ತಿಂಗಳ ರಾತ್ರಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಎಂದಾದರೂ ಮಲಗಿದ್ದೀರಾ? ಸೂರ್ಯ ಮುಳುಗಿ ನಾಲ್ಕು ತಾಸಾದರೂ ಮೇಲಿನಿಂದ ಬಿಸಿ ಇಳಿಯುತ್ತಲೇ ಇರುತ್ತದೆ. ಫ್ಯಾನು ಆ ಬಿಸಿ ಗಾಳಿಯನ್ನೇ ತಿರುಗಿಸಿ ಮುಖಕ್ಕೆ ಹೊಡೆಯುತ್ತದೆ. ಹಗಲೆಲ್ಲ ಕಾಂಕ್ರೀಟು ಕುಡಿದ ಬಿಸಿಲು ರಾತ್ರಿ ಹೊರಬರುವ ಪರಿ ಇದು.

ಲೆಕ್ಕ ಹಾಕಿ ನೋಡೋಣ. ಮೋಡವಿಲ್ಲದ ಮಧ್ಯಾಹ್ನ ಪ್ರತಿ ಚದರ ಮೀಟರ್ ತಾರಸಿಯ ಮೇಲೆ ಸುಮಾರು 1000 ವ್ಯಾಟ್ ಸೌರಶಕ್ತಿ ಬೀಳುತ್ತದೆ. ಬೂದು ಕಾಂಕ್ರೀಟು ಸುಮಾರು 300 ವ್ಯಾಟನ್ನು ಪ್ರತಿಫಲಿಸಿ ಉಳಿದದ್ದನ್ನು ಹೀರುತ್ತದೆ. ಒಳ್ಳೆಯ ಬಿಳಿ ಲೇಪನ, ಹೊಸದಾಗಿದ್ದಾಗ, 800 ವ್ಯಾಟನ್ನು ಹಿಂದಕ್ಕಟ್ಟುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಗೆ ಈ ವ್ಯತ್ಯಾಸ 50 ಕಿಲೋವ್ಯಾಟ್! ಇದಷ್ಟೂ ಕೋಣೆಗೆ ಇಳಿಯುವುದಿಲ್ಲ ಅನ್ನಿ. ಬಹುಪಾಲು ಗಾಳಿಗೂ ಆಕಾಶಕ್ಕೂ ಹೋಗುತ್ತದೆ. ಇಳಿಯುವ ಅಲ್ಪ ಭಾಗವೇ ನಿದ್ದೆ ಕೆಡಿಸಲು ಸಾಕು.

ಹಾಗಾದರೆ ಫಳಫಳ ಹೊಳೆಯುವ ತಗಡು ಇನ್ನೂ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ವಿಜ್ಞಾನ ಓದಿದ ನಾನೂ ಹಾಗೆಯೇ ತಿಳಿದಿದ್ದೆ. ಈ ಕಾರ್ಯಕ್ರಮದ ಚಿತ್ರೀಕರಣಕ್ಕೆ ಎರಡು ಜಿಂಕ್ ತಗಡುಗಳನ್ನು ಬಿಸಿಲಿಗಿಟ್ಟು, ಒಂದಕ್ಕೆ ಮಾತ್ರ ಬಿಳಿ ಬಣ್ಣ ಬಳಿದೆವು. ಒಂದು ಗಂಟೆಯ ನಂತರ ಬಿಳಿ ತಗಡಿನ ಮೇಲೆ ಅಂಗೈ ಊರಬಹುದಿತ್ತು. ಹೊಳೆಯುವುದನ್ನು ಮುಟ್ಟಿದ ನಮ್ಮ ಕ್ಯಾಮೆರಾ ಸಹಾಯಕ ಕೈ ಕೊಡವಿಕೊಂಡ.

ಕಾರಣ ಕಣ್ಣಿಗೆ ಕಾಣದ್ದು. ಬಿಸಿಯಾದ ಮೇಲ್ಮೈ ಅವಕೆಂಪು ಕಿರಣಗಳ ರೂಪದಲ್ಲಿ ಶಾಖವನ್ನು ಹೊರಸೂಸುತ್ತದೆ. ಬಿಳಿ ಬಣ್ಣ, ಸುಣ್ಣ, ಹೆಂಚು ಇದರಲ್ಲಿ ಧಾರಾಳಿಗಳು. ಹೊಳೆಯುವ ಲೋಹ ಮಾತ್ರ ಜಿಪುಣ. ಬಿಸಿಲನ್ನು ಹೀರುವುದು ಕಡಿಮೆಯಾದರೂ ಹೀರಿದ್ದನ್ನು ಬಿಟ್ಟುಕೊಡದು. ತಂಪು ತಾರಸಿಗೆ ಎರಡೂ ಗುಣ ಬೇಕು: ಬಿಸಿಲನ್ನು ಪ್ರತಿಫಲಿಸುವುದು, ಒಳಸೇರಿದ ಶಾಖವನ್ನು ಬೇಗ ಸೂಸುವುದು.

ವಿದ್ಯುತ್ತಿನ ಉಳಿತಾಯವೆಷ್ಟು? ಹೈದರಾಬಾದಿನ ವಾಣಿಜ್ಯ ಕಟ್ಟಡಗಳ ಕಾಂಕ್ರೀಟ್ ತಾರಸಿಗೆ ಬಿಳಿ ಲೇಪನ ಕೊಟ್ಟು ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ತಂಪುಗೊಳಿಸಲು ಖರ್ಚಾಗುವ ವಿದ್ಯುತ್ತಿನಲ್ಲಿ ಶೇಕಡಾ 10ರಿಂದ 19 ಉಳಿದಿತ್ತು. ರಾಯಚೂರಿನ ನೆರೆಯ ತೆಲಂಗಾಣ 2023ರಲ್ಲಿ ತಂಪು ತಾರಸಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಎ.ಸಿ. ಇಲ್ಲದ ಮನೆಯಲ್ಲಿ ಬಿಲ್ಲು ಅಷ್ಟೇನೂ ಇಳಿಯದು. ಅಲ್ಲಿ ಲಾಭವೆಂದರೆ ನಿದ್ದೆ. ಬೇಸಗೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಅಜ್ಜಿಯರಿರುವ ಮನೆಗೆ ಅದು ಸಣ್ಣ ಮಾತಲ್ಲ.

ಮಿತಿಗಳೂ ಇವೆ. ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ತಂಪು ಸಿಗುವುದು ಹೆಚ್ಚಾಗಿ ಮೇಲಿನ ಅಂತಸ್ತಿಗೇ. ಮಡಿಕೇರಿಯಂಥ ತಣ್ಣನೆಯ ಊರಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಧೂಳು ಕೂತರೆ ಬಿಳುಪು ಮಾಸುತ್ತದೆ, ಗುಡಿಸಿ ತೊಳೆಯಬೇಕು. ಸುಣ್ಣ ಅಗ್ಗ, ಆದರೆ ಮಳೆಗೆ ಕರಗಿ ಹೋಗುತ್ತದೆ. ಪ್ರತಿ ವರ್ಷ ಮಾರ್ಚಿಯಲ್ಲಿ ಮತ್ತೆ ಬಳಿಯಬೇಕು. ಬಳಿಯುವ ದಿನ ಬೆಳಿಗ್ಗೆ ಬೇಗನೆ ತಾರಸಿ ಹತ್ತಿ. ಹತ್ತು ಗಂಟೆಯಾಯಿತೆಂದರೆ ಆ ಬಿಳುಪು ಕಣ್ಣು ಬಿಡಲು ಕೊಡುವುದಿಲ್ಲ.